ಎರಡು ಬಣ್ಣದ ಅಡುಗೆಮನೆ: ವಿನ್ಯಾಸ ಮತ್ತು ವೆಚ್ಚದ ಲೆಕ್ಕ

ಮೇಲಿನ ಕಪಾಟುಗಳಿಗೆ ಒಂದು ಬಣ್ಣ, ಕೆಳಗಿನ ಕಪಾಟುಗಳಿಗೆ ಇನ್ನೊಂದು ಬಣ್ಣ. ಇಂದು ಹೊಸ ಮನೆ ಕಟ್ಟಿಸುವ ಅಥವಾ ಫ್ಲ್ಯಾಟ್ ಕೊಳ್ಳುವ ಗ್ರಾಹಕರಲ್ಲಿ ಅನೇಕರು ಇಂತಹ ಅಡುಗೆಮನೆಯನ್ನೇ ಅಪೇಕ್ಷಿಸುತ್ತಾರೆ. ಮಾಡ್ಯುಲರ್ ಅಡುಗೆಮನೆ ತಯಾರಿಸುವ ಸಣ್ಣ ಘಟಕಗಳಿಗೂ ಪ್ಲೈವುಡ್, ಲ್ಯಾಮಿನೇಟ್ ಹಾಗೂ ಹಾರ್ಡ್‌ವೇರ್ ವರ್ತಕರಿಗೂ ಇದು ಸ್ವಾಗತಾರ್ಹ ಬೇಡಿಕೆ. ಆದರೆ ಒಂದು ಬಣ್ಣದ ಬದಲು ಎರಡು ಬಣ್ಣ ಬಳಸಿದಾಗ ತಯಾರಿಕಾ ವೆಚ್ಚವು ಯಾವ ರೀತಿಯಲ್ಲಿ ಬದಲಾಗುತ್ತದೆ ಎಂಬುದನ್ನು ದರಪಟ್ಟಿ ನೀಡುವ ಮುನ್ನ ಲೆಕ್ಕ ಹಾಕುವವರು ವಿರಳ. ಈ ಲೇಖನದಲ್ಲಿ ಅಂತಹ ಅಡುಗೆಮನೆಯ ವಿನ್ಯಾಸದ ಮೂಲ ತತ್ತ್ವಗಳನ್ನೂ ಅವುಗಳ ಹಿಂದಿರುವ ಲೆಕ್ಕವನ್ನೂ ಒಟ್ಟಿಗೆ ವಿವರಿಸಲು ಪ್ರಯತ್ನಿಸಲಾಗಿದೆ.

ಬಡಗಿಯ ಕಸುಬು ನನ್ನದಲ್ಲ. ಈ ವಿಷಯಕ್ಕೆ ನಾನು ಬಂದದ್ದು ಲೆಕ್ಕಪರಿಶೋಧನೆಯ ದಾರಿಯಿಂದ. ನನ್ನ ಕಕ್ಷಿದಾರರಲ್ಲೊಬ್ಬರು ಕೈಗಾರಿಕಾ ವಸಾಹತಿನಲ್ಲಿ ಅಡುಗೆಮನೆ ಕಪಾಟುಗಳ ಘಟಕ ನಡೆಸುತ್ತಾರೆ. ಅವರ ವಹಿವಾಟು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು, ಲಾಭ-ನಷ್ಟದ ತಖ್ತೆಯಲ್ಲಿ ಲಾಭವೂ ಕಾಣುತ್ತಿತ್ತು. ಆದರೆ ಬ್ಯಾಂಕಿನ ಓವರ್‌ಡ್ರಾಫ್ಟ್ ಮಾತ್ರ ಇಳಿಯುತ್ತಿರಲಿಲ್ಲ. "ಲಾಭ ಇದೆ ಅಂತೀರಿ ಸಾರ್, ಅದು ಎಲ್ಲಿದೆ ತೋರಿಸಿ" ಎಂದು ಅವರು ಒಂದು ದಿನ ನೇರವಾಗಿಯೇ ಕೇಳಿದರು. ಅಲ್ಲಿಯವರೆಗೆ ವರ್ಷಾಂತ್ಯದ ದಾಸ್ತಾನು ಪಟ್ಟಿಯನ್ನು ಅವರು ಬರೆದುಕೊಟ್ಟಂತೆಯೇ ನಾನು ಸ್ವೀಕರಿಸುತ್ತಿದ್ದೆ. ಅದು ನನ್ನ ತಪ್ಪು. ಆ ವರ್ಷ ಶೆಡ್ಡಿಗೆ ಹೋಗಿ ನೋಡಿದಾಗ ಉತ್ತರ ಗೋಡೆಗೆ ಒರಗಿ ನಿಂತಿತ್ತು: ಕಡುನೀಲಿ, ಹಸಿರು, ಬೂದು, ಕೆಂಗಂದು ಹೀಗೆ ಹತ್ತಾರು ಬಣ್ಣಗಳ ಅರ್ಧ ಮುಕ್ಕಾಲು ಹಾಳೆಗಳು. ಒಂದೊಂದೂ ಒಂದೊಂದು ಗ್ರಾಹಕರ ಎರಡನೆಯ ಬಣ್ಣ. ಎಲ್ಲವೂ ಖರೀದಿ ಬೆಲೆಯಲ್ಲಿ ದಾಸ್ತಾನಿಗೆ ಸೇರಿದ್ದವು. ಲಾಭವೆಲ್ಲ ಅಲ್ಲಿತ್ತು. ಅದರ ಮೇಲೆ ಆದಾಯ ತೆರಿಗೆಯನ್ನೂ ಕಟ್ಟಲಾಗಿತ್ತು.

1. ಬಣ್ಣ ಹಂಚುವ ಕ್ರಮ

ಅಡುಗೆಮನೆಯನ್ನು ಅಳತೆಗೆ ತಕ್ಕ ಸಿದ್ಧ ಭಾಗಗಳಿಂದ ಜೋಡಿಸುವ ಪದ್ಧತಿಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟ್ಟೆ-ಲಿಹೊಟ್ಸ್ಕಿ ರೂಪಿಸಿದ ಅಡುಗೆಮನೆಯನ್ನು ಇದರ ಮೂಲಮಾದರಿ ಎಂದು ಪರಿಗಣಿಸಲಾಗುತ್ತದೆ. ಹೆಜ್ಜೆಗಳನ್ನು ಎಣಿಸಿ, ಅಳತೆಗಳನ್ನು ನಿಗದಿಪಡಿಸಿ, ಒಂದೇ ಬಗೆಯ ಭಾಗಗಳನ್ನು ಸಾವಿರಾರು ಮನೆಗಳಿಗೆ ತಯಾರಿಸಿದ್ದೇ ಅದರ ಮಿತವ್ಯಯದ ಗುಟ್ಟು. ಇಂದಿನ ಎರಡು ಬಣ್ಣದ ಅಡುಗೆಮನೆಗೂ ಈ ಪಾಠ ಅನ್ವಯಿಸುತ್ತದೆ. ಬಣ್ಣ ಬದಲಾಗಬಹುದು, ಅಳತೆ ಬದಲಾಗಬಾರದು.

ಸಾಮಾನ್ಯ ನಿಯಮವೆಂದರೆ ಕೆಳಗೆ ಗಾಢ ಬಣ್ಣ, ಮೇಲೆ ತಿಳಿ ಬಣ್ಣ. ಇದು ಕೇವಲ ಅಂದದ ಮಾತಲ್ಲ. ನಮ್ಮ ಕಡೆಯ ಅಡುಗೆಮನೆಗಳಿಗೆ ಬಹುಮಟ್ಟಿಗೆ ಒಂದೇ ಕಿಟಕಿ ಇರುತ್ತದೆ. ಕಣ್ಣಿನ ಮಟ್ಟದಲ್ಲಿರುವ ತಿಳಿ ಬಣ್ಣವು ಬೆಳಕನ್ನು ಹಿಂದಿರುಗಿಸಿ ಕೋಣೆಯನ್ನು ದೊಡ್ಡದಾಗಿ ತೋರಿಸುತ್ತದೆ. ಕೆಳಗಿನ ಬಾಗಿಲುಗಳಿಗೆ ಕಾಲು ತಾಗುತ್ತದೆ, ನೆಲ ಒರೆಸುವ ನೀರು ಸಿಡಿಯುತ್ತದೆ, ಸಿಲಿಂಡರ್ ಎಳೆಯುವಾಗ ಗೀರು ಬೀಳುತ್ತದೆ. ಗಾಢ ಬಣ್ಣದಲ್ಲಿ ಇವು ಎದ್ದು ಕಾಣುವುದಿಲ್ಲ.

ಇದಕ್ಕೆ ಎರಡು ಎಚ್ಚರಿಕೆಗಳನ್ನು ಸೇರಿಸಬೇಕು. ಒಲೆಯ ಮೇಲ್ಭಾಗದ ಮತ್ತು ಅಕ್ಕಪಕ್ಕದ ತಿಳಿ ಬಣ್ಣದ ಬಾಗಿಲುಗಳ ಮೇಲೆ ಒಗ್ಗರಣೆಯ ಜಿಡ್ಡು ಮತ್ತು ಅರಿಶಿನದ ಕಲೆ ಕೂರುವುದರಿಂದ ಅಲ್ಲಿ ಸುಲಭವಾಗಿ ಒರೆಸಬಹುದಾದ ಮೇಲ್ಮೈ ಇರಬೇಕು. ಗಾಢ ಬಣ್ಣದ ಹೊಳಪಿನ ಮೇಲ್ಮೈಯಲ್ಲಿ ಬೆರಳಚ್ಚು ಎದ್ದು ಕಾಣುವುದರಿಂದ ಕೆಳಭಾಗಕ್ಕೆ ಮ್ಯಾಟ್ ಮೇಲ್ಮೈ ಉತ್ತಮ.

ಕಟ್ಟೆಯ ಕಲ್ಲು ವಾಸ್ತವವಾಗಿ ಮೂರನೆಯ ಬಣ್ಣ. ನಮ್ಮ ರಾಜ್ಯದ ಮನೆಗಳಲ್ಲಿ ಕಪ್ಪು ಗ್ರಾನೈಟ್ ಕಟ್ಟೆ ಸಾಮಾನ್ಯ. ಅದರ ಕೆಳಗೆ ತೀರ ಗಾಢ ಬಣ್ಣ ಬಂದರೆ ಕೆಳಭಾಗವೆಲ್ಲ ಒಂದೇ ಕಪ್ಪು ಮುದ್ದೆಯಾಗಿ ಕಾಣುತ್ತದೆ, ಎರಡು ಬಣ್ಣಕ್ಕೆ ತೆತ್ತ ಹಣ ವ್ಯರ್ಥವಾಗುತ್ತದೆ. ಆದುದರಿಂದ ಕಲ್ಲಿನ ತುಂಡು, ಎರಡೂ ಬಣ್ಣಗಳ ಮಾದರಿ ಮತ್ತು ನೆಲದ ಟೈಲ್ಸನ್ನು ಗ್ರಾಹಕರ ಮನೆಯಲ್ಲಿಯೇ, ಹಗಲು ಬೆಳಕಿನಲ್ಲಿ ಒಮ್ಮೆ, ವಿದ್ಯುದ್ದೀಪದಲ್ಲಿ ಒಮ್ಮೆ ಒಟ್ಟಿಗೆ ಇಟ್ಟು ತೋರಿಸುವುದು ಸೂಕ್ತ. ಅಂಗಡಿಯ ದೀಪದಡಿ ಒಪ್ಪಿದ ಬಣ್ಣ ಮನೆಯಲ್ಲಿ ಬೇರೆಯಾಗಿ ಕಾಣುವುದು ಸಾಮಾನ್ಯ ತಕರಾರು.

2. ಬಣ್ಣ ಬಾಗಿಲಿಗೆ ಮಾತ್ರ

ಕಪಾಟಿನಲ್ಲಿ ಎರಡು ಭಾಗಗಳಿವೆ: ಒಳಗಿನ ಪೆಟ್ಟಿಗೆ, ಅಂದರೆ ಕಾರ್ಕಸ್, ಹೊರಗಿನ ಬಾಗಿಲು, ಅಂದರೆ ಶಟರ್. ಎರಡು ಬಣ್ಣವೆಂಬುದು ಶಟರಿಗೆ ಮಾತ್ರ ಸೀಮಿತವಾಗಿರಲಿ. ಒಳಪೆಟ್ಟಿಗೆ ಎಲ್ಲ ಗ್ರಾಹಕರಿಗೂ ಒಂದೇ ಬಿಳಿಯದಾಗಿದ್ದರೆ ಅದರಲ್ಲಿ ಉಳಿದ ತುಂಡುಗಳು ಮುಂದಿನ ಕೆಲಸಕ್ಕೆ ನೇರವಾಗಿ ಸಲ್ಲುತ್ತವೆ. ಸಿಂಕಿನ ಕೆಳಗಿನ ಪೆಟ್ಟಿಗೆಗೆ ಮಾತ್ರ ಐ.ಎಸ್. 710 ಗುರುತಿನ ಪ್ಲೈವುಡ್ ಬಳಸಿ, ಉಳಿದೆಡೆ ಐ.ಎಸ್. 303ರ ನೀರು ತಡೆಯುವ ದರ್ಜೆಯನ್ನು ಬಳಸುವುದುಂಟು. ಅದನ್ನು ದರಪಟ್ಟಿಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.

ದರಪಟ್ಟಿಯಲ್ಲಿ ಮರೆತುಹೋಗುವ ಭಾಗವೆಂದರೆ ಹೊರಗೆ ಕಾಣುವ ಪಕ್ಕದ ಹಲಗೆಗಳು. ಚಿಮಣಿಯ ಎರಡು ಬದಿ, ಕಿಟಕಿಯ ಎರಡು ಬದಿ, ಮೇಲಿನ ಕಪಾಟಿನ ತಳ, ಇವೆಲ್ಲ ಕಣ್ಣಿಗೆ ಬೀಳುತ್ತವೆ. ಇಲ್ಲೊಂದು ಉಪಾಯವಿದೆ. ಮೇಲಿನ ತಿಳಿ ಬಣ್ಣವಾಗಿ ಒಳಪೆಟ್ಟಿಗೆಯ ಬಿಳಿಯನ್ನೇ ಆರಿಸಿಕೊಂಡರೆ ಈ ಹಲಗೆಗಳಿಗೆ ಬೇರೆ ಹಾಳೆ ಬೇಕಾಗುವುದಿಲ್ಲ. ಮೇಲಿನ ಬಣ್ಣದಲ್ಲಿ ಉಳಿದದ್ದೂ ಸತ್ತ ದಾಸ್ತಾನಾಗುವುದಿಲ್ಲ. ಗ್ರಾಹಕರ ಆಯ್ಕೆಯ ಸ್ವಾತಂತ್ರ್ಯವೆಲ್ಲ ಕೆಳಗಿನ ಬಣ್ಣದಲ್ಲಿರಲಿ.

3. ಹಾಳೆಯ ಲೆಕ್ಕ

ಬೋರ್ಡು ಮತ್ತು ಲ್ಯಾಮಿನೇಟ್ ಎಂಟು ಅಡಿ ನಾಲ್ಕು ಅಡಿ, ಅಂದರೆ 2440 x 1220 ಮಿ.ಮೀ. ಹಾಳೆಯಾಗಿ ಬರುತ್ತವೆ. ಅಂಚು ಸರಿಪಡಿಸಿದ ಮೇಲೆ 2430 x 1210 ಮಿ.ಮೀ. ಉಳಿಯುತ್ತದೆ ಎಂದೂ ಪ್ರತಿ ಕೊಯ್ತಕ್ಕೆ ಗರಗಸ 4 ಮಿ.ಮೀ. ತಿನ್ನುತ್ತದೆ ಎಂದೂ ಇಟ್ಟುಕೊಳ್ಳೋಣ.

ಕೆಳಗಿನ ಬಾಗಿಲು 720 x 400 ಮಿ.ಮೀ. ಇದ್ದರೆ ಹಾಳೆಯ ಉದ್ದದಲ್ಲಿ ಮೂರು, ಅಗಲದಲ್ಲಿ ಮೂರು, ಒಟ್ಟು 9 ಬಾಗಿಲುಗಳು ದೊರೆಯುತ್ತವೆ. ಮೇಲಿನ ಬಾಗಿಲು 600 x 400 ಇದ್ದರೆ ಉದ್ದದಲ್ಲಿ ನಾಲ್ಕು, ಅಗಲದಲ್ಲಿ ಮೂರು, ಒಟ್ಟು 12. ಇದೇ ಮೇಲಿನ ಬಾಗಿಲನ್ನು "ಎರಡು ಅಡಿ" ಎಂದು 610 ಮಿ.ಮೀ. ಮಾಡಿದರೆ ನಾಲ್ಕು ಬಾಗಿಲಿಗೆ 2440 ಮಿ.ಮೀ. ಬೇಕಾಗುತ್ತದೆ, ಹಾಳೆಯಲ್ಲಿ ಅಷ್ಟಿಲ್ಲ. ಆಗ ಸಿಗುವುದು 9 ಮಾತ್ರ. ಹತ್ತು ಮಿ.ಮೀ. ವ್ಯತ್ಯಾಸಕ್ಕೆ ಹಾಳೆಯ ಕಾಲು ಭಾಗ ನಷ್ಟ. ಹಾಗೆಯೇ 450 ಮಿ.ಮೀ. ಅಗಲದ ಬಾಗಿಲುಗಳು ಹಾಳೆಯ ಅಗಲದಲ್ಲಿ ಎರಡೇ ಹಿಡಿಸುತ್ತವೆ.

ಈಗ 3 ಮೀಟರ್ ಮತ್ತು 2.4 ಮೀಟರ್ ಗೋಡೆಗಳ ಮೂಲೆ ಆಕಾರದ ಅಡುಗೆಮನೆಯನ್ನು ತೆಗೆದುಕೊಳ್ಳೋಣ. ಎರಡೂ ತುದಿಗಳು ಗೋಡೆಗೆ ತಾಗಿವೆ. ಮೂಲೆಯ 600 ಮಿ.ಮೀ. ಎರಡೂ ಕಡೆ ಕಳೆದರೆ ಕೆಳಗೆ ಕಾಣುವ ಮುಂಭಾಗ 4200 ಮಿ.ಮೀ.; ಅಂದರೆ 400ರ 10 ಬಾಗಿಲುಗಳು, ಉಳಿದ 200 ಮಿ.ಮೀ. ಮೂಲೆಯ ಭರ್ತಿ ಪಟ್ಟಿಗಳು. ಡ್ರಾಯರ್‌ಗಳ ಮುಖವನ್ನು ಒಂದೇ ಬಾಗಿಲಿನ ಅಳತೆಯಿಂದ ಕೊಯ್ದುಕೊಳ್ಳುವುದರಿಂದ ಅದನ್ನು ಒಂದು ಬಾಗಿಲೆಂದೇ ಎಣಿಸಬಹುದು. ಮೇಲೆ ಕಿಟಕಿ, ಚಿಮಣಿ ಕಳೆದು 8 ಬಾಗಿಲುಗಳು.

ಎಲ್ಲವೂ ಒಂದೇ ಬಣ್ಣವಾದರೆ: ಮೊದಲ ಹಾಳೆಯಲ್ಲಿ ಕೆಳಗಿನ 9 ಬಾಗಿಲು, ಎರಡನೆಯದರಲ್ಲಿ ಕೆಳಗಿನ 1 ಮತ್ತು ಮೇಲಿನ 8. ಒಟ್ಟು 2 ಹಾಳೆ.

ಎರಡು ಬಣ್ಣವಾದರೆ: ಕೆಳಗಿನ ಬಣ್ಣದಲ್ಲಿ 10 ಬಾಗಿಲಿಗೆ 2 ಹಾಳೆ, ಮೇಲಿನ ಬಣ್ಣದಲ್ಲಿ 8 ಬಾಗಿಲಿಗೆ 1 ಹಾಳೆ. ಒಟ್ಟು 3 ಹಾಳೆ. ಒಂದೇ ಒಂದು ಬಾಗಿಲಿಗಾಗಿ ಒಂದು ಪೂರ್ಣ ಹಾಳೆ ಕೊಳ್ಳಬೇಕಾಯಿತು. ಅದರಲ್ಲಿ ಉಳಿದ ಭಾಗ ಇನ್ನೊಬ್ಬ ಗ್ರಾಹಕರು ಅದೇ ಬಣ್ಣ ಕೇಳುವವರೆಗೆ ಗೋಡೆಗೆ ಒರಗಿರುತ್ತದೆ.

ಇದಕ್ಕೆ ಪರಿಹಾರ ವಿನ್ಯಾಸದಲ್ಲಿಯೇ ಇದೆ. ಒಂದು ತುದಿಯ ಕೆಳಗಿನ ಕಪಾಟಿಗೂ ಅದರ ನೇರ ಮೇಲಿನ ಕಪಾಟಿನ ತಿಳಿ ಬಣ್ಣವನ್ನೇ ಕೊಟ್ಟರೆ ಮೇಲಿಂದ ಕೆಳಗಿನವರೆಗೆ ಒಂದು ಕಂಬದಂತೆ ತಿಳಿ ಬಣ್ಣ ಇಳಿದುಬರುತ್ತದೆ. ನಡುವೆ ಎಲ್ಲೋ ಒಂದು ಬಾಗಿಲಿನ ಬಣ್ಣ ಬದಲಿಸಿದರೆ ತಪ್ಪಿನಂತೆ ಕಾಣುತ್ತದೆ; ತುದಿಯಲ್ಲಿ ಬದಲಿಸಿದರೆ ಉದ್ದೇಶಪೂರ್ವಕ ವಿನ್ಯಾಸವಾಗುತ್ತದೆ. ಆಗ ಗಾಢ ಬಣ್ಣದಲ್ಲಿ 9 ಬಾಗಿಲು, 1 ಹಾಳೆ. ತಿಳಿ ಬಣ್ಣದಲ್ಲಿ ಮೇಲಿನ 8 ಮತ್ತು ಕೆಳಗಿನ 1, 1 ಹಾಳೆ. ಒಟ್ಟು ಮತ್ತೆ 2. ಗಾಢ ಹಾಳೆಯ ಕೊನೆಯಲ್ಲಿ ಉಳಿಯುವ ಸುಮಾರು 255 ಮಿ.ಮೀ. ಪಟ್ಟಿಯಿಂದ ಮೂಲೆಯ ಭರ್ತಿ ಪಟ್ಟಿಗಳೂ ದೊರೆಯುತ್ತವೆ. ಆದರೆ ಇದು ಸಾದಾ ಬಣ್ಣಕ್ಕೆ ಮಾತ್ರ ಸಲ್ಲುವ ಮಾತು. ಮರದ ಎಳೆಯ ವಿನ್ಯಾಸವಿದ್ದರೆ ತುಂಡನ್ನು ಅಡ್ಡ ತಿರುಗಿಸಲಾಗದು.

4. ಲಾಭದ ಮೇಲೆ ಪರಿಣಾಮ

ಉದಾಹರಣೆಗಾಗಿ ಕೆಲವು ಬೆಲೆಗಳನ್ನು ಊಹಿಸಿಕೊಳ್ಳೋಣ. ಸದಸ್ಯರು ತಮ್ಮ ಖರೀದಿ ಬೆಲೆಗಳನ್ನು ಹಾಕಿಕೊಂಡು ನೋಡಬಹುದು. ಅಡುಗೆಮನೆಯ ಮಾರಾಟ ಬೆಲೆ ತೆರಿಗೆ ಹೊರತುಪಡಿಸಿ 1,50,000 ರೂ.; ನಿರೀಕ್ಷಿತ ನಿವ್ವಳ ಲಾಭ ಶೇ. 8, ಅಂದರೆ 12,000 ರೂ. ಸಿದ್ಧ ಲ್ಯಾಮಿನೇಟ್ ಬೋರ್ಡಿನ ಒಂದು ಹಾಳೆಗೆ 4,800 ರೂ., ಅಂಚುಪಟ್ಟಿಯ 50 ಮೀಟರ್ ಸುರುಳಿಗೆ 700 ರೂ.

ಅಂಚುಪಟ್ಟಿಯ ಲೆಕ್ಕವನ್ನೂ ಗಮನಿಸಿ. ಕೆಳಗಿನ ಒಂದು ಬಾಗಿಲಿನ ಸುತ್ತಳತೆ 2.24 ಮೀಟರ್, ಹತ್ತಕ್ಕೆ 22.4, ಮೇಲಿನ ಎಂಟಕ್ಕೆ 16. ಒಟ್ಟು 38.4 ಮೀಟರ್. ಒಂದೇ ಬಣ್ಣಕ್ಕೆ ಒಂದು ಸುರುಳಿ ಸಾಕು. ಎರಡು ಬಣ್ಣಕ್ಕೆ ಎರಡು ಸುರುಳಿ ಬೇಕು, 61.6 ಮೀಟರ್ ಉಳಿಯುತ್ತದೆ.

ವಿನ್ಯಾಸ ಬದಲಿಸದೆ ಎರಡು ಬಣ್ಣ ಮಾಡಿದರೆ ಹೆಚ್ಚುವರಿ ವೆಚ್ಚ ಹಾಳೆ 4,800, ಸುರುಳಿ 700, ಒಟ್ಟು 5,500 ರೂ. ಉಳಿಯುವ ಲಾಭ 6,500 ರೂ. ತುದಿಯ ಕಪಾಟಿನ ಬಣ್ಣ ಬದಲಿಸಿದರೆ ಹೆಚ್ಚುವರಿ ವೆಚ್ಚ 700 ರೂ. ಮಾತ್ರ, ಲಾಭ 11,300 ರೂ. ಯಂತ್ರದಲ್ಲಿ ಪಟ್ಟಿ ಬದಲಿಸುವ ಸಮಯವನ್ನು ಇಲ್ಲಿ ಸೇರಿಸಿಲ್ಲ.

ಮೊದಲನೆಯ ಸಂದರ್ಭದಲ್ಲಿ ಉಳಿದ ತುಂಡಿಗೆ ವರ್ಷಾಂತ್ಯದಲ್ಲಿ 4,300 ರೂ. ಎಂದು ಬೆಲೆ ಕಟ್ಟಿ ದಾಸ್ತಾನಿನಲ್ಲಿ ತೋರಿಸಿದರೆ ಪುಸ್ತಕದಲ್ಲಿ ಲಾಭ 10,800 ರೂ. ಎಂದು ಕಾಣುತ್ತದೆ. ಕೈಗೆ ಬಂದದ್ದು 6,500 ಮಾತ್ರ. ವರ್ಷಕ್ಕೆ ಇಂತಹ 30 ಅಡುಗೆಮನೆಗಳಾದರೆ 1,29,000 ರೂ. ಗೋಡೆಗೆ ಒರಗುತ್ತದೆ. ನನ್ನ ಕಕ್ಷಿದಾರರ ಪ್ರಶ್ನೆಗೆ ಉತ್ತರ ಇದೇ ಆಗಿತ್ತು.

ಸಾದಾ ಪ್ಲೈವುಡ್ಡಿಗೆ ತಾವೇ ಲ್ಯಾಮಿನೇಟ್ ಒತ್ತುವ ಘಟಕಗಳಿಗೆ ನಷ್ಟ ಇದಕ್ಕಿಂತ ಕಡಿಮೆ. ಅಲ್ಲಿ ಉಳಿಯುವುದು ಲ್ಯಾಮಿನೇಟ್ ಮಾತ್ರ. ಪ್ಲೈವುಡ್ ಬೇರೆ ಕೆಲಸಕ್ಕೆ ಒದಗುತ್ತದೆ. ಯಂತ್ರದ ಸಿದ್ಧ ಬೋರ್ಡು ಮುಕ್ತಾಯದಲ್ಲಿ ಮೇಲು. ಬಣ್ಣದ ವೈವಿಧ್ಯ ಹೆಚ್ಚಿದ್ದಾಗ ಕೈಯಿಂದ ಒತ್ತುವ ಪದ್ಧತಿ ದಾಸ್ತಾನಿನ ದೃಷ್ಟಿಯಿಂದ ಮೇಲು.

5. ಉಳಿದ ದಾಸ್ತಾನಿನ ಲೆಕ್ಕಪತ್ರ

ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ಅದರ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ದೊರೆಯುವ ಮೌಲ್ಯ, ಇವೆರಡರಲ್ಲಿ ಕಡಿಮೆಯದಕ್ಕೆ ತೋರಿಸತಕ್ಕದ್ದು. ಮುಂದಿನ ಕೆಲಸಕ್ಕೆ ಲಾಭದಾಯಕವಾಗಿ ಬಳಸಬಹುದಾದ ಬಿಳಿ ತುಂಡಿಗೆ ಖರೀದಿ ಬೆಲೆ ಸಲ್ಲುತ್ತದೆ. ಯಾರೂ ಕೇಳದ ಬಣ್ಣದ ತುಂಡಿಗೆ ಅದು ಸಲ್ಲದು. ಆದುದರಿಂದ ಮಾರ್ಚ್ 31ರ ಪಟ್ಟಿಯಲ್ಲಿ ಪೂರ್ಣ ಹಾಳೆ, ಬಳಸಬಹುದಾದ ತುಂಡು, ಬಳಸಲಾಗದ ತುಂಡು ಎಂದು ಮೂರು ಭಾಗ ಮಾಡಿ, ತುಂಡುಗಳ ಬಣ್ಣ, ಅಳತೆ ಮತ್ತು ಖರೀದಿಯ ತಿಂಗಳನ್ನು ಬರೆದಿಡಬೇಕು.

ಬೆಲೆ ತಗ್ಗಿಸುವುದು ಬೇರೆ, ಪುಸ್ತಕದಿಂದ ತೆಗೆದುಹಾಕುವುದು ಬೇರೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ ಕಲಂ 17(5)(ಎಚ್) ಪ್ರಕಾರ ನಾಶವಾದ, ಪುಸ್ತಕದಿಂದ ತೆಗೆದುಹಾಕಿದ ಅಥವಾ ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. ಅದರ ಬದಲು ಕಡಿಮೆ ಬೆಲೆಗಾದರೂ ಬಿಲ್ಲು ಹಾಕಿ ಮಾರಿದರೆ ಮಾರಾಟ ಬೆಲೆಯ ಮೇಲೆ ಮಾತ್ರ ತೆರಿಗೆ ಕಟ್ಟಿದಂತಾಗುತ್ತದೆ, ಜಮೆಯೂ ಉಳಿಯುತ್ತದೆ. ಪೂಜಾ ಕಪಾಟು, ಶೂ ಸ್ಟ್ಯಾಂಡ್, ಮಕ್ಕಳ ಮೇಜು ಮಾಡುವ ಸಣ್ಣ ಕೆಲಸಗಾರರು ಇಂತಹ ತುಂಡುಗಳನ್ನು ಸಂತೋಷದಿಂದ ಕೊಳ್ಳುತ್ತಾರೆ.

6. ಗ್ರಾಹಕರೊಡನೆ ಒಪ್ಪಂದ

ಒಪ್ಪಂದ ಪತ್ರದಲ್ಲಿ ಈ ಕೆಳಗಿನ ಅಂಶಗಳಿರಲಿ.

ಅ) ಎರಡೂ ಬಣ್ಣಗಳ ತಯಾರಕರ ಸಂಖ್ಯೆ ಮತ್ತು ಮೇಲ್ಮೈ ಬಗೆಯನ್ನು ಬರೆದು, ಮಾದರಿ ತುಂಡಿನ ಹಿಂಬದಿಯಲ್ಲಿ ಗ್ರಾಹಕರ ಸಹಿ ಪಡೆಯುವುದು. ಮನೆಯ ಹಿರಿಯರೊಡನೆ, ವಾಸ್ತು ನೋಡುವವರೊಡನೆ ಚರ್ಚೆ ಇದ್ದಲ್ಲಿ ಅದು ಸಹಿಗೆ ಮುನ್ನವೇ ಮುಗಿಯಲಿ.

ಆ) ಸಹಿಯ ನಂತರ ಬಣ್ಣ ಬದಲಿಸಿದರೆ ಈಗಾಗಲೇ ಖರೀದಿಸಿದ ಹಾಳೆಗಳ ಬೆಲೆಯನ್ನು ಗ್ರಾಹಕರೇ ಭರಿಸುವುದು.

ಇ) ಎರಡನೆಯ ಬಣ್ಣದಲ್ಲಿ ಉಳಿಯುವ ಹಾಳೆಯ ಬೆಲೆಯನ್ನು ದರಪಟ್ಟಿಯಲ್ಲಿಯೇ ಸೇರಿಸಿ, ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ನಮೂದಿಸಿ, ತುಂಡನ್ನು ಗ್ರಾಹಕರಿಗೇ ಒಪ್ಪಿಸುವುದು. ಬಿಟ್ಟಿಯಾಗಿ ಕೊಟ್ಟರೆ ಮೇಲೆ ಹೇಳಿದ ಜಮೆಯ ತೊಡಕು ಬರುತ್ತದೆ. ಮುಂದೆ ಒಂದು ಬಾಗಿಲು ಹಾಳಾದರೆ ಅದೇ ಬಣ್ಣ ಮಾರುಕಟ್ಟೆಯಲ್ಲಿ ದೊರೆಯದೆ ಹೋಗಬಹುದು. ದೊರೆತರೂ ಬೇರೆ ತಯಾರಿಕಾ ತಂಡದ್ದಾದರೆ ಛಾಯೆ ಹೊಂದಲಾರದು. ಈ ಕಾರಣವನ್ನು ಹೇಳಿದರೆ ಗ್ರಾಹಕರು ಸಾಮಾನ್ಯವಾಗಿ ಒಪ್ಪುತ್ತಾರೆ.

ಈ) ಒಪ್ಪಂದವು ಕಪಾಟುಗಳ ಪೂರೈಕೆಯೋ, ಸ್ಥಿರಾಸ್ತಿಗೆ ಸಂಬಂಧಿಸಿದ ಕಾಮಗಾರಿ ಗುತ್ತಿಗೆಯೋ ಎಂಬುದನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಚರ್ಚಿಸಿ ಮೊದಲೇ ತೀರ್ಮಾನಿಸುವುದು. ಕಾಮಗಾರಿ ಗುತ್ತಿಗೆಯನ್ನು ಕಾನೂನು ಸೇವೆಯೆಂದು ಪರಿಗಣಿಸುತ್ತದೆ. ಸೇವೆಗೆ ಪಡೆದ ಮುಂಗಡದ ಮೇಲೆ ಆಗಲೇ ತೆರಿಗೆ ಬರುತ್ತದೆ. ಸರಕಿನ ಮುಂಗಡಕ್ಕೆ 2017ರ ನವೆಂಬರ್ 15ರಿಂದ ಈ ಹೊರೆ ಇಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ವಿನಾಯಿತಿ ಅನ್ವಯಿಸದು. ಅರ್ಧ ಹಣವನ್ನು ಮುಂಗಡವಾಗಿ ಪಡೆಯುವ ಈ ಉದ್ಯಮದಲ್ಲಿ ಇದು ಸಣ್ಣ ವಿಷಯವಲ್ಲ.

ಉಪಸಂಹಾರ

ಗ್ರಾಹಕರು ಎರಡು ಬಣ್ಣ ಕೇಳಿದಾಗ ಬೇಡವೆನ್ನುವ ಅಗತ್ಯವಿಲ್ಲ. ಬಾಗಿಲುಗಳನ್ನು ಎಣಿಸಿ, ಹಾಳೆಗೆ ಭಾಗಿಸಿ, ಬಣ್ಣದ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ತೀರ್ಮಾನಿಸಿದ ನಂತರ ದರ ಹೇಳಿದರೆ ಸಾಕು. ನಕ್ಷೆ ಬರೆಯುವವರೂ ಬೆಲೆ ಹಾಕುವವರೂ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳುವುದು ಇದಕ್ಕೆ ಅವಶ್ಯ.

ಮೇಲೆ ಹೇಳಿದ ಕಕ್ಷಿದಾರರು ಈಗ ಕೆಳಗಿನ ಬಣ್ಣಕ್ಕೆ ಹನ್ನೆರಡು ಆಯ್ಕೆಗಳನ್ನಷ್ಟೇ ತೋರಿಸುತ್ತಾರೆ. ಅದರ ಹೊರಗಿನ ಬಣ್ಣ ಬೇಕೆಂದರೆ ಪೂರ್ಣ ಹಾಳೆಯ ಬೆಲೆ ಹಾಕುತ್ತಾರೆ. ಹಳೆಯ ತುಂಡುಗಳನ್ನು ಸಿಕ್ಕ ಬೆಲೆಗೆ ಮಾರಿದ ವರ್ಷ ಅವರ ಪುಸ್ತಕದಲ್ಲಿ ಲಾಭ ಕುಸಿಯಿತು, ಓವರ್‌ಡ್ರಾಫ್ಟ್ ಮೊದಲ ಬಾರಿಗೆ ಇಳಿಯಿತು. ವರ್ಷಾಂತ್ಯದಲ್ಲಿ ನಾನೂ ಈಗ ಅವರ ಶೆಡ್ಡಿಗೆ ಹೋಗಿ ನೋಡಿದ ಮೇಲೆಯೇ ದಾಸ್ತಾನು ಪಟ್ಟಿಗೆ ಸಹಿ ಹಾಕುತ್ತೇನೆ. ಸದಸ್ಯ ಬಾಂಧವರು ತಮ್ಮ ಗೋದಾಮಿನ ಗೋಡೆಗೆ ಒರಗಿರುವುದೇನೆಂದು ಈ ಮಾರ್ಚ್ ತಿಂಗಳಿಗೆ ಮುನ್ನ ಒಮ್ಮೆ ಎಣಿಸಿ ನೋಡಬೇಕಾಗಿ ವಿನಂತಿ.